ಆಸ್ಪತ್ರೆಗಳಲ್ಲಿ ಊಟದ ಬಗ್ಗೆ ಕೂತು ಮಾತನಾಡುವವರು ಬೇಕು

ಮಾನ್ಯ ಸಂಪಾದಕರಿಗೆ ಸವಿನಯ ನಮಸ್ಕಾರಗಳು.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್ ಅಥವಾ ಹೆಣ್ಣುಮಕ್ಕಳ ಅಂಡಾಶಯದ ತೊಂದರೆಯಾದ ಪಿಸಿಒಡಿ ಎಂದು ವೈದ್ಯರ ಬಳಿಗೆ ಹೋದ ನಮ್ಮ ಭಾಗದ ಜನರಿಗೆ ಔಷಧದ ಚೀಟಿಯ ಜೊತೆಗೆ ಸಿಗುವ ಆಹಾರ ಸಲಹೆ ಎಂದರೆ ಹೆಚ್ಚಾಗಿ ಝೆರಾಕ್ಸ್ ಮಾಡಿದ ಒಂದು ಹಾಳೆ. ಮೇಲ್ಭಾಗದಲ್ಲಿ ತಿನ್ನಬೇಕಾದವುಗಳ ಪಟ್ಟಿ, ಕೆಳಭಾಗದಲ್ಲಿ ತಿನ್ನಬಾರದವುಗಳ ಪಟ್ಟಿ, ಕೊನೆಗೆ ‘ತೂಕ ಇಳಿಸಬೇಕು’ ಎಂಬ ಒಂದು ಸಾಲು. ರೋಗಿಯ ಮನೆಯಲ್ಲಿ ಅಡುಗೆ ಮಾಡುವವರು ಯಾರು, ಊಟ ಎಷ್ಟು ಗಂಟೆಗೆ, ಅವರು ಹೊಲಕ್ಕೆ ಹೋಗುತ್ತಾರೋ ಕಚೇರಿಗೆ ಹೋಗುತ್ತಾರೋ ಎಂಬ ಒಂದು ಪ್ರಶ್ನೆಯನ್ನೂ ಕೇಳದೆ ಆ ಹಾಳೆಯನ್ನು ಕೈಗೆ ಕೊಟ್ಟು ಕಳಿಸಲಾಗುತ್ತದೆ. ಪದವಿಪೂರ್ವ ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸಿ ನಿವೃತ್ತಳಾದ ನಾನು, ಈ ಹಾಳೆಗಳಿಂದ ಕಾಯಿಲೆ ಹತೋಟಿಗೆ ಬಂದವರಿಗಿಂತ ತಟ್ಟೆಯ ಮುಂದೆ ಕೂರಲು ಅಂಜುವಂತಾದವರನ್ನೇ ಹೆಚ್ಚು ಕಂಡಿದ್ದೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಾದರೂ, ತೂಕದ ಗುರಿಯನ್ನು ಪಕ್ಕಕ್ಕಿಟ್ಟು, ಜನರ ಮನಸ್ಸಿನಲ್ಲಿ ಊಟದ ಬಗ್ಗೆ ಕೂತಿರುವ ಭಯ ಮತ್ತು ಅಪರಾಧಿ ಭಾವವನ್ನು ಬಿಡಿಸಿ, ನೆಮ್ಮದಿಯಿಂದ ಉಂಡು ಆರೋಗ್ಯವಾಗಿರಲು ಕಲಿಸುವ ಆಹಾರ ಸಮಾಲೋಚನೆ ಆರಂಭವಾಗಬೇಕು ಎಂಬುದು ಈ ಪತ್ರದ ಬೇಡಿಕೆ.

ನನ್ನ ವೈನಿಯವರಿಗೆ (ಅತ್ತಿಗೆಗೆ) ಸಕ್ಕರೆ ಕಾಯಿಲೆ ಇರುವುದು ಗೊತ್ತಾದಾಗ ಒಂದು ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯನ್ನು ನಾನು ಓದಿದ್ದೇನೆ. ಬೆಳಿಗ್ಗೆ ಒಂದು ಬಟ್ಟಲು ಓಟ್ಸ್, ನಾಲ್ಕು ನೆನೆಸಿದ ಬಾದಾಮಿ. ಮಧ್ಯಾಹ್ನ ಎರಡು ಫುಲ್ಕಾ, ಒಂದು ಬಟ್ಟಲು ಸಲಾಡ್. ಸಂಜೆ ಗ್ರೀನ್ ಟೀ. ರಾತ್ರಿ ತರಕಾರಿ ಸೂಪ್. ಕೆಳಗಿನ ಪಟ್ಟಿಯಲ್ಲಿ ಅನ್ನ, ಬೆಲ್ಲ, ಆಲೂಗಡ್ಡೆ, ಬಾಳೆಹಣ್ಣು, ಮಾವಿನಹಣ್ಣು, ಶೇಂಗಾ, ಕೊಬ್ಬರಿ. ಜೋಳದ ರೊಟ್ಟಿ ಮೇಲಿನ ಪಟ್ಟಿಯಲ್ಲೂ ಇರಲಿಲ್ಲ, ಕೆಳಗಿನ ಪಟ್ಟಿಯಲ್ಲೂ ಇರಲಿಲ್ಲ. ಹಲ್ಲು ಬಂದಾಗಿನಿಂದ ಜೋಳ ತಿಂದು ಬೆಳೆದ, ದಿನಾ ಬುಟ್ಟಿ ತುಂಬ ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ತಾನು ರೊಟ್ಟಿ ತಿನ್ನಬಹುದೋ ಬಾರದೋ ಎಂಬುದೇ ಆ ಹಾಳೆಯಿಂದ ತಿಳಿಯಲಿಲ್ಲ. ಅನುಮಾನವಿದ್ದಲ್ಲಿ ಬಿಡುವುದೇ ಕ್ಷೇಮವೆಂದು ಅವರು ರೊಟ್ಟಿಯನ್ನೂ ಬಿಟ್ಟರು. ಮನೆಮಂದಿಗೆಲ್ಲ ರೊಟ್ಟಿ, ಪಲ್ಯ ಮಾಡಿಟ್ಟು ತಮಗೆಂದು ಬೇರೆ ಪಾತ್ರೆಯಲ್ಲಿ ಸೂಪು ಕಾಯಿಸಿಕೊಳ್ಳುತ್ತಿದ್ದರು. ಬೆಳಿಗ್ಗೆಯಿಂದ ಹಾಳೆಯಂತೆ ನಡೆದು, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಡಬ್ಬಿಯೊಳಗಿನ ಶೇಂಗಾ ಉಂಡೆಗಳನ್ನು ಅಡುಗೆಮನೆಯಲ್ಲಿ ನಿಂತಲ್ಲೇ ಒಂದಾದ ಮೇಲೊಂದು ತಿಂದುಬಿಡುತ್ತಿದ್ದರು. ಆ ತಪ್ಪಿಗೆ ಪ್ರಾಯಶ್ಚಿತ್ತವೆಂದು ರಾತ್ರಿಯ ಊಟ ಬಿಡುತ್ತಿದ್ದರು. ಗುಳಿಗೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದರು. ಒಂದು ರಾತ್ರಿ ಮೈಯೆಲ್ಲ ಬೆವರಿ, ಕೈಕಾಲು ನಡುಗಿ, ಮಾತು ತೊದಲತೊಡಗಿದಾಗ ಮನೆಯವರು ಸಕ್ಕರೆ ಏರಿತೆಂದು ಗಾಬರಿಯಾದರು. ಪರೀಕ್ಷಿಸಿದಾಗ ಅದು ಪಾತಾಳಕ್ಕೆ ಇಳಿದಿತ್ತು.

ಗ್ಲಿಮೆಪಿರೈಡ್‌ನಂಥ ಗುಳಿಗೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಬರುವಂತೆ ಮಾಡುತ್ತವೆ. ಹೊಟ್ಟೆಯಲ್ಲಿ ಊಟವಿಲ್ಲದಿದ್ದರೂ ಅವುಗಳ ಕೆಲಸ ನಿಲ್ಲುವುದಿಲ್ಲ. ಅಂಥ ಗುಳಿಗೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಪ್ರತಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಹುದು. ಆಗ ಸುಮಾರು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆಯನ್ನು, ಅಂದರೆ ಮೂರು ಚಹಾ ಚಮಚದಷ್ಟನ್ನು, ನೀರಿನಲ್ಲಿ ಕದಡಿ ಕುಡಿಸಿ 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ಪ್ರತಿಯೊಬ್ಬ ಮಧುಮೇಹಿಯ ಮನೆಯವರಿಗೆ ಮೊದಲ ದಿನವೇ ತಿಳಿಸಿಕೊಡಬೇಕು. ಆ ಹಾಳೆಯಲ್ಲಿ ಇದರ ಸುಳಿವೂ ಇರಲಿಲ್ಲ. ಯಾವುದನ್ನು ಬಿಡಬೇಕು ಎಂದು ಹೇಳುವ ಸಲಹೆಗೆ, ಬಿಟ್ಟಾಗ ಏನಾಗುತ್ತದೆ ಎಂದು ಹೇಳುವ ಹೊಣೆಯೂ ಇರುತ್ತದೆ.

ಆಮೇಲೆ ಅವರನ್ನು ಬೇರೊಬ್ಬ ಆಹಾರ ತಜ್ಞೆಯ ಬಳಿಗೆ ಕರೆದುಕೊಂಡು ಹೋದೆವು. ಆಕೆ ತಕ್ಕಡಿಯ ಮೇಲೆ ನಿಲ್ಲಿಸಲಿಲ್ಲ. ‘ಮುಂಜಾನೆ ಎದ್ದಾಗಿಂದ ಮಲಗೂತನಾ ನಿಮ್ಮ ದಿನಾ ಹೆಂಗ ಹೋಗ್ತದ, ಹೇಳ್ರಿ ವೈನಿ’ ಎಂದು ಕೇಳಿ ಸುಮ್ಮನೆ ಕೇಳಿಸಿಕೊಂಡರು. ಹೊಟ್ಟೆ ಚುರುಗುಡುವುದು ಯಾವ ಹೊತ್ತಿಗೆ, ಆಗ ಉಣ್ಣಲು ಬಿಡುವು ಸಿಗುತ್ತದೆಯೇ, ಯಾರ ಜೊತೆ ಕೂತು ಉಣ್ಣುತ್ತೀರಿ, ಉಂಡ ಮೇಲೆ ಮನಸ್ಸಿಗೆ ಏನನ್ನಿಸುತ್ತದೆ ಎಂದು ಒಂದೊಂದಾಗಿ ಕೇಳಿದರು. ಉಂಡೆಯ ಮಾತು ಅಲ್ಲಿಯೇ ಹೊರಬಂದದ್ದು. ಅದುವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕೆ ಅದಕ್ಕೆ ಗದರಲಿಲ್ಲ. ಬೆಳಿಗ್ಗೆಯಿಂದ ಅರೆಹೊಟ್ಟೆಯಲ್ಲಿದ್ದ ದೇಹ ಮಧ್ಯಾಹ್ನ ಸಿಹಿಗೆ ಹಾತೊರೆಯುವುದು ಸಹಜವೆಂದು ತಿಳಿಸಿ ಹೇಳಿ, ಮಧ್ಯಾಹ್ನದ ಊಟಕ್ಕೆ ಎರಡು ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಸೊಪ್ಪು, ಮೊಸರು ಮರಳಿ ಸೇರಿಸಿದರು. ಉಂಡೆ ಬೇಕೆನಿಸಿದರೆ ಕದ್ದು ತಿನ್ನದೆ, ಎಲ್ಲರ ಜೊತೆ ಊಟಕ್ಕೆ ಕೂತಾಗಲೇ ಒಂದನ್ನು ತಟ್ಟೆಗೆ ಹಾಕಿಕೊಂಡು ನಿಧಾನವಾಗಿ ತಿನ್ನಲು ಹೇಳಿದರು. ರಾತ್ರಿ ಊಟ ತಪ್ಪಿಸಕೂಡದು ಎಂಬುದೊಂದೇ ಅವರ ಕಟ್ಟುನಿಟ್ಟಿನ ಮಾತು. ವೈನಿಯವರ ತೂಕ ಹೆಚ್ಚೇನೂ ಇಳಿದಿಲ್ಲ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಹದಕ್ಕೆ ಬಂದಿದೆ. ಉಂಡೆಯ ಡಬ್ಬಿ ಈಗಲೂ ಅದೇ ಕಪಾಟಿನಲ್ಲಿದೆ, ಮಧ್ಯಾಹ್ನದ ಕದ್ದ ತಿನಿಸು ಮಾತ್ರ ನಿಂತಿದೆ.

ಇದು ಆ ತಜ್ಞೆಯ ವೈಯಕ್ತಿಕ ಜಾಣ್ಮೆಯಷ್ಟೇ ಅಲ್ಲ, ಪೌಷ್ಟಿಕ ವಿಜ್ಞಾನದೊಳಗೆ ರೂಪುಗೊಂಡ ಒಂದು ಪದ್ಧತಿ. 1995ರಲ್ಲಿ ಅಮೆರಿಕದ ಇಬ್ಬರು ಆಹಾರ ತಜ್ಞೆಯರು, ತಮ್ಮಲ್ಲಿ ಬಂದವರು ಡಯೆಟ್ ಮಾಡಿ ಇಳಿಸಿದ ತೂಕವನ್ನು ಮತ್ತೆ ಮತ್ತೆ ಮರಳಿ ಗಳಿಸಿ, ತಮ್ಮನ್ನೇ ಹಳಿದುಕೊಳ್ಳುವುದನ್ನು ಕಂಡು, ಅದಕ್ಕೆ 10 ಸೂತ್ರಗಳ ರೂಪ ಕೊಟ್ಟರು. ಅದರ ತಿರುಳು ಇಷ್ಟು: ಹಸಿವಾದಾಗ ಉಣ್ಣಬೇಕು, ಹೊಟ್ಟೆ ತುಂಬಿದ ಸೂಚನೆ ಬಂದಾಗ ನಿಲ್ಲಿಸಲು ಕಲಿಯಬೇಕು, ಯಾವ ಪದಾರ್ಥಕ್ಕೂ ಪಾಪದ ಹಣೆಪಟ್ಟಿ ಕಟ್ಟಬಾರದು, ಬೇಸರ, ಸಿಟ್ಟು, ಒಂಟಿತನಗಳಿಗೆ ತಿನಿಸನ್ನೇ ಮದ್ದು ಮಾಡಿಕೊಂಡಿದ್ದರೆ ಅದನ್ನು ಗುರುತಿಸಿ ಬೇರೆ ದಾರಿ ಹುಡುಕಬೇಕು, ದೇಹವನ್ನು ದಂಡಿಸಲು ಅಲ್ಲದೆ ಹಗುರವಾಗಿರಲು ನಡೆದಾಡಬೇಕು. ಇಂಥ ಸಮಾಲೋಚಕರು ಹಸಿವನ್ನು ಸೊನ್ನೆಯಿಂದ ಹತ್ತರ ಅಳತೆಗೋಲಿನಲ್ಲಿ ಗುರುತಿಸಲು ಕಲಿಸುತ್ತಾರೆ; ಸೊನ್ನೆಯೆಂದರೆ ಹೊಟ್ಟೆ ಪೂರ್ತಿ ಖಾಲಿ, ಹತ್ತೆಂದರೆ ಬಿರಿಯುವಷ್ಟು ತುಂಬಿದ್ದು. ಕಣ್ಣಿಗೆ ಕತ್ತಲೆ ಬರುವವರೆಗೆ ಕಾದು ಊಟಕ್ಕೆ ಕೂತರೆ ಹೊಟ್ಟೆ ಬಿರಿಯುವವರೆಗೆ ನಿಲ್ಲಿಸಲಾಗುವುದಿಲ್ಲ. ಮೂರು ನಾಲ್ಕರ ಹಂತದಲ್ಲಿಯೇ ಕೂತರೆ ಆರೇಳರ ಹಂತದಲ್ಲಿ ‘ಸಾಕು’ ಎನ್ನುವುದು ಕಷ್ಟವಾಗುವುದಿಲ್ಲ.

ಕಟ್ಟುನಿಟ್ಟಾದ ಡಯೆಟ್ ಮುರಿದುಬಿದ್ದಾಗ ನಾವು ಮನುಷ್ಯನ ಮನೋಬಲವನ್ನು ದೂರುತ್ತೇವೆ. ಆದರೆ ಇದರ ಮೂಲ ದೇಹದಲ್ಲಿಯೇ ಇದೆ ಎಂಬುದು ಎಂಟು ದಶಕಗಳ ಹಿಂದೆಯೇ ತಿಳಿದ ವಿಷಯ. ಎರಡನೇ ಮಹಾಯುದ್ಧದಲ್ಲಿ ಹಸಿವಿನಿಂದ ನರಳಿದ ಯುರೋಪಿನ ಜನರಿಗೆ ಹೇಗೆ ಮರಳಿ ಉಣಿಸಬೇಕು ಎಂದು ತಿಳಿಯಲು 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು ಸ್ವಇಚ್ಛೆಯಿಂದ ಮುಂದೆ ಬಂದ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿ ಪರೀಕ್ಷಿಸಿದರು. ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸುಮಾರು 1,600 ಕ್ಯಾಲೊರಿ. ಇಳಿದದ್ದು ದೇಹತೂಕದ ಕಾಲುಭಾಗ. ಅದಕ್ಕಿಂತ ಮುಖ್ಯವಾದದ್ದು ಅವರ ಮನಸ್ಸಿಗೆ ಆದದ್ದು. ಅಡುಗೆಯಲ್ಲಿ ಎಂದೂ ಆಸಕ್ತಿಯಿಲ್ಲದ ಯುವಕರು ಅಡುಗೆ ಪುಸ್ತಕಗಳನ್ನು ಓದತೊಡಗಿದರು. ಸಿಡುಕು, ಖಿನ್ನತೆ ಹೆಚ್ಚಿ, ಎಚ್ಚರವಿದ್ದಷ್ಟು ಹೊತ್ತೂ ಊಟದ್ದೇ ಧ್ಯಾನವಾಯಿತು. ಪ್ರಯೋಗ ಮುಗಿದ ಮೇಲೂ ಕೆಲವರಿಗೆ ಎಷ್ಟು ಉಂಡರೂ ತೃಪ್ತಿಯಾಗುತ್ತಿರಲಿಲ್ಲ. ಇಂದು ಮೊಬೈಲಿನಲ್ಲಿ ಹರಿದಾಡುವ ತೂಕ ಇಳಿಸುವ ಯೋಜನೆಗಳು ಹೆಣ್ಣುಮಕ್ಕಳಿಗೆ ಹೇಳುವುದು ಅನೇಕ ಸಲ 1,200 ಕ್ಯಾಲೊರಿ. ಊಟ ಕಡಿಮೆಯಾದಾಗ ಹಸಿವನ್ನು ಎಬ್ಬಿಸುವ ಹಾರ್ಮೋನು ಏರುತ್ತದೆ, ತೃಪ್ತಿಯನ್ನು ತಿಳಿಸುವ ಹಾರ್ಮೋನು ಇಳಿಯುತ್ತದೆ, ದೇಹ ಖರ್ಚನ್ನು ತಗ್ಗಿಸುತ್ತದೆ. ಬರಗಾಲವನ್ನು ಕಂಡುಂಡ ನಮ್ಮ ಜಿಲ್ಲೆಗಳ ರೈತ ಕುಟುಂಬ ಮುಂದಿನ ಸುಗ್ಗಿಯವರೆಗೆ ನೆಲದೊಳಗಿನ ಕಣಜವಾದ ಹಗೆಯ ಕಾಳನ್ನು ಅಳೆದು ತೆಗೆಯುವಂತೆಯೇ ದೇಹವೂ ಇದ್ದದ್ದನ್ನು ಕಾಪಿಟ್ಟುಕೊಳ್ಳುತ್ತದೆ. ಅದಕ್ಕಾಗಿ ಯಾರನ್ನೂ ಬಾಯಿಚಪಲದವರೆಂದು ಹೀಯಾಳಿಸುವುದು ನ್ಯಾಯವಲ್ಲ.

ಈ ಪದ್ಧತಿಯ ಮಿತಿಯನ್ನೂ ಹೇಳಬೇಕು, ಇಲ್ಲದಿದ್ದರೆ ತಪ್ಪು ಅರ್ಥಕ್ಕೆ ಎಡೆಯಾಗುತ್ತದೆ. ‘ಮನಸ್ಸಿಗೆ ಬಂದದ್ದನ್ನೆಲ್ಲ ತಿನ್ನಿ’ ಎಂಬುದು ಇದರ ಅರ್ಥವಲ್ಲ. ಮೂತ್ರಪಿಂಡ ಸೋತವರು ಉಪ್ಪು, ಪೊಟ್ಯಾಸಿಯಂ, ಪ್ರೋಟೀನುಗಳ ಲೆಕ್ಕ ಇಡಲೇಬೇಕು. ಗೋಧಿ ಆಗದ ಸೀಲಿಯಾಕ್ ಕಾಯಿಲೆಯವರು ಗೋಧಿಯನ್ನು ಬಿಡಲೇಬೇಕು. ಗರ್ಭಿಣಿಯರ ಮಧುಮೇಹಕ್ಕೆ ವೈದ್ಯರ ನಿಗಾ ಬೇಕೇ ಬೇಕು. ಊಟವನ್ನೇ ತೊರೆದು ಹಸಿವಿನ ಸೂಚನೆಯನ್ನೇ ಕಳೆದುಕೊಂಡವರಿಗೆ ‘ಹಸಿವಾದಾಗ ಉಣ್ಣಿ’ ಎಂದರೆ ಅಪಾಯ. ಅವರಿಗೆ ಮೊದಲು ಗಡಿಯಾರ ನೋಡಿ ಉಣಿಸಬೇಕಾಗುತ್ತದೆ. ಈ ಸಮಾಲೋಚನೆ ತೂಕ ಇಳಿಯುವ ಭರವಸೆಯನ್ನೂ ಕೊಡುವುದಿಲ್ಲ. ಒಮ್ಮೆಲೇ ಮಿತಿಮೀರಿ ತಿನ್ನುವುದು, ಆಮೇಲೆ ಉಪವಾಸ ಬೀಳುವುದು, ತನ್ನ ಮೈಯನ್ನು ತಾನೇ ದ್ವೇಷಿಸುವುದು ಇದರಿಂದ ಕಡಿಮೆಯಾಗುತ್ತವೆ ಎಂಬುದಕ್ಕೆ ಅಧ್ಯಯನಗಳ ಬೆಂಬಲವಿದೆ. ನಾನು ಕೇಳುತ್ತಿರುವುದೂ ಅಷ್ಟನ್ನೇ. ವೈದ್ಯರ ಚಿಕಿತ್ಸೆಯ ಜಾಗದಲ್ಲಿ ಅಲ್ಲ, ಅದರ ಪಕ್ಕದಲ್ಲಿ ಇದು ನಿಲ್ಲಬೇಕು.

ನಮ್ಮ ಊಟಕ್ಕೆ ಹೊರಗಿನಿಂದ ಓಟ್ಸ್ ತಂದು ಸೇರಿಸುವ ಅಗತ್ಯವೂ ಇಲ್ಲ. ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎಂದು ಡೋಣಿ ನದಿಯ ಬಯಲನ್ನು ಕುರಿತು ಹೇಳಿಕೊಂಡು ಬಂದ ನಾಡು ಇದು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2024ರಲ್ಲಿ ಪರಿಷ್ಕರಿಸಿ ಹೊರತಂದ ಭಾರತೀಯರ ಆಹಾರ ಮಾರ್ಗಸೂಚಿ, 2,000 ಕ್ಯಾಲೊರಿಯ ದಿನದ ಊಟದಲ್ಲಿ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು ಸೊಪ್ಪು, 300 ಮಿಲಿಲೀಟರ್ ಹಾಲು ಅಥವಾ ಮೊಸರು, 35 ಗ್ರಾಂ ಎಣ್ಣೆಬೀಜ ಇರಲಿ ಎನ್ನುತ್ತದೆ. ಆ 35 ಗ್ರಾಮನ್ನು ನಮ್ಮ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳೇ, ಅಂದರೆ ಚಟ್ನಿಪುಡಿಗಳೇ, ತುಂಬಬಲ್ಲವು. ಆಸ್ಪತ್ರೆಯ ಹಾಳೆ ಶೇಂಗಾವನ್ನು ನಿಷೇಧದ ಪಟ್ಟಿಗೆ ಹಾಕಿ ಬಾದಾಮಿಯನ್ನು ಮೇಲಿನ ಪಟ್ಟಿಗೆ ಹಾಕಿತ್ತು. ಹಕ್ಕರಕಿ, ಮೆಂತೆ, ಮೂಲಂಗಿ ಸೊಪ್ಪನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ಕಚ್ಚಿಕೊಂಡು ತಿನ್ನುವವರಿಗೆ ಸಲಾಡ್ ಹೊಸದೇನಲ್ಲ. ಕೊರತೆ ಇರುವುದು ಕಾಳು, ಸೊಪ್ಪು, ಹಾಲಿನ ಪ್ರಮಾಣದಲ್ಲಿ. ಅದು ಖರ್ಚಿನ ಪ್ರಶ್ನೆ, ಹಂಚಿಕೆಯ ಪ್ರಶ್ನೆ.

ಹಂಚಿಕೆಯ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸುತ್ತದೆ. ನಮ್ಮ ಬಹುಪಾಲು ಮನೆಗಳಲ್ಲಿ ಇಂದಿಗೂ ಮೊದಲು ಗಂಡಸರು, ಮಕ್ಕಳು, ಬಂದವರು, ಹೋದವರು ಉಂಡು, ಕೊನೆಗೆ ಮನೆಯ ಹೆಣ್ಣುಮಕ್ಕಳು ಕೂರುತ್ತಾರೆ. ಹನ್ನೆರಡಕ್ಕೆ ಹಸಿದ ಹೊಟ್ಟೆಗೆ ಮೂರು ಗಂಟೆಗೆ ಊಟ. ಅಷ್ಟು ಹೊತ್ತಿಗೆ ಪಲ್ಯದ ತಳದಲ್ಲಿ ರಸವಷ್ಟೇ ಉಳಿದಿರುತ್ತದೆ. ಅನ್ನವೋ ರೊಟ್ಟಿಯೋ ಹೆಚ್ಚಾಗಿ ಉಳಿದಿದ್ದರೆ, ಕೆಟ್ಟುಹೋಗಬಾರದೆಂದು ಹಸಿವಿಲ್ಲದಿದ್ದರೂ ಆಕೆಯೇ ತಿಂದು ಮುಗಿಸುತ್ತಾಳೆ. ಹಸಿವನ್ನೂ ತೃಪ್ತಿಯನ್ನೂ ಎರಡನ್ನೂ ದಿನಾ ಮೀರಿ ನಡೆಯುವ ಈ ಅಭ್ಯಾಸ ವರ್ಷಗಟ್ಟಲೆ ಸಾಗಿದಾಗ, ಒಂದೇ ದೇಹದಲ್ಲಿ ಬೊಜ್ಜೂ ರಕ್ತಹೀನತೆಯೂ ಒಟ್ಟಿಗೆ ಬಂದು ಸೇರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದೇ ಸಮೀಕ್ಷೆಯಲ್ಲಿ ಶೇ 30ರಷ್ಟು ಹೆಣ್ಣುಮಕ್ಕಳ ತೂಕ ಹೆಚ್ಚೆಂದು ದಾಖಲಾಗಿದೆ. ಇಂಥ ಹೆಣ್ಣುಮಗಳಿಗೆ ‘ಕಡಿಮೆ ತಿನ್ನಿ’ ಎಂದು ಹಾಳೆ ಕೊಟ್ಟು ಕಳಿಸಿದರೆ ಆಕೆ ಬಿಡುವುದು ಕಾಳನ್ನು, ಮೊಸರನ್ನು, ಹಣ್ಣನ್ನು. ಸಮಾಲೋಚನೆಗೆ ಆಕೆಯೊಬ್ಬಳನ್ನೇ ಕೂರಿಸದೆ ಗಂಡನನ್ನೋ ಅತ್ತೆಯನ್ನೋ ಜೊತೆಗೆ ಕರೆದು, ‘ಎಲ್ಲರೂ ಒಟ್ಟಿಗೆ ಉಣ್ಣಿ, ಪಲ್ಯವನ್ನು ಮೊದಲೇ ಪಾಲು ಮಾಡಿ ತೆಗೆದಿಡಿ’ ಎಂದು ಹೇಳಿಸಿದರೆ ಅದರ ಗುಣ ಯಾವ ಟಾನಿಕ್‌ಗೂ ಕಡಿಮೆಯಿಲ್ಲ. ರಾಜಗಿರಿ ಪಲ್ಯದ ಮೇಲೆ ನಮ್ಮದೇ ಇಂಡಿ ತಾಲ್ಲೂಕಿನ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದಿಲ್ಲ ಎಂಬಂಥ, ಖರ್ಚಿಲ್ಲದ ಮಾತುಗಳಿಗೂ ಅಲ್ಲಿ ಜಾಗ ಸಿಗುತ್ತದೆ. ಇನ್ನು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಗಳಿಗೆ ಗುಳೆ ಹೋಗುವ ಕುಟುಂಬಗಳ ಹಸಿವು ಸಮಾಲೋಚನೆಯಿಂದ ತೀರುವಂಥದ್ದಲ್ಲ. ಅದಕ್ಕೆ ಕೂಲಿ ಮತ್ತು ಪಡಿತರವೇ ಉತ್ತರ.

ಹರೆಯದ ಹುಡುಗಿಯರ ಸ್ಥಿತಿ ನನಗೆ ಇನ್ನೂ ಹೆಚ್ಚಿನ ಚಿಂತೆ ಹುಟ್ಟಿಸುತ್ತದೆ. ಹಾಸ್ಟೆಲಿನ ಒಂದು ಆರೋಗ್ಯ ತಪಾಸಣಾ ಶಿಬಿರದಲ್ಲಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ತಕ್ಕಡಿಯ ಮೇಲೆ ಒಬ್ಬೊಬ್ಬರು ಹತ್ತಿದಂತೆ ಅವರ ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗಿ ಬರೆಸುತ್ತಿದ್ದುದನ್ನು ನೋಡಿದ್ದೇನೆ. ಅಂದು ರಾತ್ರಿ ಊಟದ ಮನೆಯಲ್ಲಿ ಅನೇಕ ತಟ್ಟೆಗಳು ಖಾಲಿ ಇದ್ದವು. ಮದುವೆ ಮುಂಜಿಗಳಲ್ಲಿ ‘ಯಾಕವ್ವಾ, ಮೈ ಭಾಳ ಬಂದೈತಲ್ಲ’ ಎಂದೋ, ‘ಇಷ್ಟ್ಯಾಕ ಸೊರಗೀದಿ’ ಎಂದೋ ಮಾತಿಗೆ ಮೊದಲು ಮೈ ಅಳೆಯುವ ನಮ್ಮ ರೂಢಿ, ವರನ ಕಡೆಯವರು ಕೇಳುವ ಪ್ರಶ್ನೆಗಳು, ಮೊಬೈಲಿನ ರೀಲ್‌ಗಳು, ಈ ಮೂರೂ ಸೇರಿ ಹದಿನಾರು ಹದಿನೇಳರ ಹುಡುಗಿಯರನ್ನು ಊಟದಿಂದ ದೂರ ಮಾಡುತ್ತಿವೆ. ಎತ್ತರಕ್ಕೆ ತೂಕವನ್ನು ಹೋಲಿಸುವ ಯಾವ ಬಿಎಂಐ ಸಂಖ್ಯೆಯನ್ನು ಮುಂದಿಟ್ಟು ಅವರನ್ನು ಹೆದರಿಸುತ್ತೇವೋ, ಅದರ ಲೆಕ್ಕಾಚಾರವನ್ನು 1830ರ ದಶಕದಲ್ಲಿ ರೂಪಿಸಿದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ವೈದ್ಯನಾಗಿರಲಿಲ್ಲ. ಆತ ಸಂಖ್ಯಾಶಾಸ್ತ್ರಜ್ಞ, ಆತನ ಆಸಕ್ತಿ ಇದ್ದದ್ದು ಒಟ್ಟು ಜನಸಮುದಾಯದ ಸರಾಸರಿಯಲ್ಲಿ. ಬೆಳೆಯುವ ವಯಸ್ಸಿನವರಿಗೆ ದೊಡ್ಡವರ ಬಿಎಂಐ ಪಟ್ಟಿ ಹೊಂದುವುದೂ ಇಲ್ಲ, ವಯಸ್ಸಿಗೆ ತಕ್ಕ ಬೇರೆ ಕೋಷ್ಟಕ ನೋಡಬೇಕಾಗುತ್ತದೆ. ಪಿಸಿಒಡಿ ಇರುವವರಿಗೆ ಅನ್ನ ಬಿಡು, ಹಾಲು ಬಿಡು ಎಂದು ಯಾರು ಯಾರೋ ಹೇಳುತ್ತಾರೆ. ಈ ತೊಂದರೆಯ ಬಗ್ಗೆ 2023ರಲ್ಲಿ ಬಂದ ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಯಾದರೋ, ಯಾವುದೇ ಒಂದು ಬಗೆಯ ಡಯೆಟ್ ಇನ್ನೊಂದಕ್ಕಿಂತ ಮೇಲೆಂಬುದಕ್ಕೆ ಆಧಾರವಿಲ್ಲ ಎಂದು ಹೇಳಿದೆ, ತೂಕದ ಹೆಸರಿನಲ್ಲಿ ರೋಗಿಗಳನ್ನು ಅವಮಾನಿಸುವುದರ ಹಾನಿಯನ್ನೂ ಗುರುತಿಸಿದೆ. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವ, ದಿನಗಟ್ಟಲೆ ಊಟ ಬಿಡುವ ಹುಡುಗಿಯರು ಕಂಡರೆ ಪಾಲಕರು ಅದನ್ನು ಹಟವೆಂದು ಬೈಯದೆ ಮಾನಸಿಕ ಆರೋಗ್ಯದ ನೆರವು ಪಡೆಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಉಪವಾಸದ ವಿಷಯವನ್ನು ನಾಜೂಕಿನಿಂದಲೇ ಎತ್ತಬೇಕು. ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ರೋಜಾ ಇವು ಜನರ ಭಕ್ತಿಗೆ ಸೇರಿದವು, ಅವನ್ನು ಬಿಡಿಸುವ ಅಧಿಕಾರ ಯಾವ ಸಲಹೆಗಾರರಿಗೂ ಇಲ್ಲ. ಆದರೆ ಮಧುಮೇಹದ ಗುಳಿಗೆ ನುಂಗುವವರು ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಂಡು ಗುಳಿಗೆಯ ಪ್ರಮಾಣ, ಹೊತ್ತು ಬದಲಿಸಿಕೊಳ್ಳಬೇಕು. ವಾರದಲ್ಲಿ ನಾಲ್ಕು ದಿನ ನಾಲ್ಕು ದೇವರ ಹೆಸರಿನಲ್ಲಿ ಊಟ ಬಿಡುವ ಹುಡುಗಿಯ ಮನಸ್ಸಿನಲ್ಲಿ ಇರುವುದು ಭಕ್ತಿಯೋ ತೂಕದ ಭಯವೋ ಎಂಬುದನ್ನು ಪ್ರೀತಿಯಿಂದ ಕೇಳಿ ತಿಳಿಯುವವರು ಬೇಕು. ಹಾಗೆಯೇ, ಬಂದವರಿಗೆ ‘ಇನ್ನೊಂದು ರೊಟ್ಟಿ ಹಾಕ್ಕೋರಿ’ ಎಂದು ಒತ್ತಾಯಿಸುವುದು ನಮ್ಮ ಸೀಮೆಯ ಅಂತಃಕರಣ. ಕೂಡಲಸಂಗಮದ ನಾಡಿನಲ್ಲಿ ದಾಸೋಹದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಉಣ್ಣುವವರು ಸಾಕೆಂದಾಗ ಅದನ್ನು ಗೌರವಿಸುವುದೂ ಅಂತಃಕರಣವೇ. ಮಕ್ಕಳ ವಿಷಯದಲ್ಲಂತೂ, ತಟ್ಟೆಯಲ್ಲಿ ಬಿಟ್ಟರೆ ಏಟು ಎಂದು ಹೆದರಿಸಿ ತುರುಕುವುದನ್ನು ಬಿಡಲೇಬೇಕು.

ಇದಕ್ಕೆಲ್ಲ ಹೊಸ ಕಟ್ಟಡವಾಗಲಿ, ಹೊಸ ಇಲಾಖೆಯಾಗಲಿ ಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಧುಮೇಹ, ರಕ್ತದೊತ್ತಡಗಳಿಗೆಂದು ಅಸಾಂಕ್ರಾಮಿಕ ರೋಗಗಳ ಘಟಕಗಳಿವೆ. ಹದಿಹರೆಯದವರಿಗೆಂದು ಸ್ನೇಹ ಕ್ಲಿನಿಕ್‌ಗಳಿವೆ. ಅಲ್ಲಿ ವಾರದಲ್ಲಿ ಎರಡು ದಿನವಾದರೂ ತರಬೇತಾದ ಆಹಾರ ತಜ್ಞರು ಕೂತು, ಒಬ್ಬೊಬ್ಬ ರೋಗಿಗೆ ಅರ್ಧ ಗಂಟೆ ಕೊಡುವಂತಾಗಬೇಕು. ಅಂಥವರು ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ಉತ್ತರ ಹತ್ತಿರದಲ್ಲಿಯೇ ಇದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಆಹಾರ ಮತ್ತು ಪೌಷ್ಟಿಕತೆಯನ್ನು ಓದಿ ಹೊರಬರುವ ಹೆಣ್ಣುಮಕ್ಕಳಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನ ಓದಿದವರಿದ್ದಾರೆ. ಇವರು ಇಲ್ಲಿಯ ಮಾತು ಬಲ್ಲವರು, ಇಲ್ಲಿಯ ಅಡುಗೆ ಬಲ್ಲವರು. 2021ರ ರಾಷ್ಟ್ರೀಯ ಪೂರಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ಪೌಷ್ಟಿಕ ತಜ್ಞರನ್ನು ಆರೋಗ್ಯ ವೃತ್ತಿಪರರೆಂದು ಗುರುತಿಸಿದ ಮೇಲೂ ಅವರಲ್ಲಿ ಬಹಳ ಮಂದಿ ಪಟ್ಟಿ ಹಂಚುವ ಕೆಲಸಕ್ಕೋ, ಪುಡಿ ಮಾರುವ ಕಂಪನಿಗಳ ಚಾಕರಿಗೋ ಸೇರುವುದನ್ನು ನೋಡಿದರೆ ಸಂಕಟವಾಗುತ್ತದೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೂ, ತೂಕದ ಬಗ್ಗೆ ಜನರೆದುರು ಆಡಬಾರದ ಮಾತು ಯಾವುದು, ಊಟ ಬಿಟ್ಟವರನ್ನು ಹೇಗೆ ಗುರುತಿಸಬೇಕು ಎಂಬ ಒಂದು ದಿನದ ತರಬೇತಿ ಸಾಕು. ಶಾಲೆ, ಹಾಸ್ಟೆಲುಗಳಲ್ಲಿ ತೂಕ ನೋಡುವುದಿದ್ದರೆ ಪರದೆಯ ಮರೆಯಲ್ಲಿ ನೋಡಿ ಗುಟ್ಟಾಗಿ ಬರೆದುಕೊಳ್ಳಲಿ. ಜಿಲ್ಲಾ ಪಂಚಾಯಿತಿಯ ಒಂದು ಸುತ್ತೋಲೆಯಿಂದ ಆಗುವ ಕೆಲಸವಿದು.

ಕೊನೆಯದಾಗಿ ಪತ್ರಿಕೆಗಳಿಗೂ ಒಂದು ವಿನಂತಿ. ‘ಒಂದೇ ತಿಂಗಳಲ್ಲಿ ಇಷ್ಟು ಕಿಲೊ ಇಳಿಕೆ’, ‘ಸಕ್ಕರೆ ಕಾಯಿಲೆ ಬುಡಸಮೇತ ಮಾಯ’ ಎಂದು ಸಾರುವ ಜಾಹೀರಾತುಗಳನ್ನು ನಮ್ಮ ಹಳ್ಳಿಗಳಲ್ಲಿ ಸುದ್ದಿಯೆಂದೇ ನಂಬಿ ಓದುವವರಿದ್ದಾರೆ, ಅದನ್ನು ನಂಬಿ ಗುಳಿಗೆ ನಿಲ್ಲಿಸಿದವರಿದ್ದಾರೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ 1954ರಲ್ಲಿಯೇ ಬಂದಿದ್ದು, ಔಷಧದಿಂದ ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಅದರ ಪಟ್ಟಿಯಲ್ಲಿ ಮಧುಮೇಹವೂ ಇದೆ, ಬೊಜ್ಜೂ ಇದೆ. ಇಂಥ ಜಾಹೀರಾತು ತಮ್ಮ ಮೇಜಿಗೆ ಬಂದಾಗ ಅದನ್ನು ಮರಳಿ ಕಳಿಸಬೇಕೆಂದೂ, ವಾರಕ್ಕೊಮ್ಮೆ ಅಷ್ಟೇ ಜಾಗವನ್ನು ನಮ್ಮ ಜಿಲ್ಲೆಗಳ ಆಹಾರ ತಜ್ಞರು ಓದುಗರ ಪ್ರಶ್ನೆಗಳಿಗೆ ಉತ್ತರಿಸಲು ಬಿಟ್ಟುಕೊಡಬೇಕೆಂದೂ ಕೇಳಿಕೊಳ್ಳುತ್ತೇನೆ. ಓದುಗರು ತಮ್ಮ ಹೆಸರು ಹೇಳದೆ ಪ್ರಶ್ನೆ ಕಳಿಸಲು ಅವಕಾಶವಿದ್ದರೆ, ಮನೆಯಲ್ಲಿ ಹೇಳಿಕೊಳ್ಳಲಾಗದ ಹೆಣ್ಣುಮಕ್ಕಳೇ ಮೊದಲು ಬರೆಯುತ್ತಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಗೃಹವಿಜ್ಞಾನ ಉಪನ್ಯಾಸಕಿ,
ವಿಜಯಪುರ